ಹಿಂದಿನ ಕಾಲದ ಎಣ್ಣೆ ಕೊಡಿ ಅಂದರೆ ಯಾವುದನ್ನು ಕೊಡಲಿ?

ಸಂಪಾದಕರಿಗೆ ನಮಸ್ಕಾರ.

ನಾನು ಉಡುಪಿ ಹತ್ತಿರ ಜೀನಸು ಅಂಗಡಿ ಇಟ್ಟುಕೊಂಡವ. ಮೂವತ್ತೆರಡು ವರ್ಷ ಆಯಿತು. ಅಕ್ಕಿ, ಬೇಳೆ, ಬೆಲ್ಲದ ಜೊತೆ ಎಣ್ಣೆಯೂ ಮಾರುತ್ತೇನೆ. ಎಣ್ಣೆ ಮಾರುವವನೇ ಎಣ್ಣೆಯ ಬಗ್ಗೆ ಪತ್ರ ಬರೆದರೆ ಜನ ನಗಬಹುದು. ನಗಲಿ.

ಹೋದ ಭಾನುವಾರ ನಿಮ್ಮ ಪೇಪರಿನ ಮಡಿಕೆಯೊಳಗೆ ಒಂದು ಬಣ್ಣದ ಕರಪತ್ರ ಇತ್ತು. ಯಾವ ಕಂಪನಿಯದ್ದು ಅಂತ ಹೇಳುವುದಿಲ್ಲ, ನನಗೆ ಜಗಳ ಬೇಡ. ಚಿತ್ರದಲ್ಲಿ ಒಂದು ಗಾಣ, ಗಾಣಕ್ಕೆ ಕಟ್ಟಿದ ಎತ್ತು, ಪಕ್ಕದಲ್ಲಿ ನಗುವ ಅಜ್ಜಿ. ಕೆಳಗೆ ದಪ್ಪ ಅಕ್ಷರದಲ್ಲಿ, ಐದು ಸಾವಿರ ವರ್ಷಗಳಿಂದ ನಮ್ಮ ಹಿರಿಯರು ತಿಂದ ಅದೇ ಶುದ್ಧ ಎಣ್ಣೆ ಅಂತ. ಬಾಟಲಿ ಮೇಲಿನ ಹೂವು ನೋಡಿದೆ. ಸೂರ್ಯಕಾಂತಿ! ಮಾರಾಯ್ರೆ, ಸೂರ್ಯಕಾಂತಿ ಅಮೆರಿಕದ ಗಿಡ. 1492ರಲ್ಲಿ ಕೊಲಂಬಸ್ ಆ ಕಡೆ ಹೋದ ಮೇಲೆ ಅದು ಈ ಕಡೆಗೆ ಬಂದದ್ದು. ನಮ್ಮ ದೇಶದಲ್ಲಿ ಎಣ್ಣೆಗೆಂದು ಜಾಸ್ತಿ ಬೆಳೆಯಲು ಶುರು ಮಾಡಿದ್ದು 1970ರ ಆಸುಪಾಸು, ಅಂದರೆ ಆ ಚಿತ್ರದ ಅಜ್ಜಿಗೆ ಮದುವೆಯಾಗಿ ಮಕ್ಕಳಾದ ಮೇಲೆ. ನೆಲಕಡಲೆಯೂ ಹಾಗೆಯೇ, ದಕ್ಷಿಣ ಅಮೆರಿಕದಿಂದ ಬಂದದ್ದು.

ಇಷ್ಟಕ್ಕೇ ನಾನು ಪೆನ್ನು ಹಿಡಿಯುತ್ತಿರಲಿಲ್ಲ. ಸೋಮವಾರ ಬೆಳಿಗ್ಗೆ ಒಬ್ಬಳು ಕಾಲೇಜು ಹುಡುಗಿ ಅದೇ ಕರಪತ್ರ ಹಿಡಿದುಕೊಂಡು ಬಂದಳು. "ಅಂಕಲ್, ಹಿಂದಿನ ಕಾಲದವರ ಎಣ್ಣೆ ಉಂಟಾ?" ಅಂತ ಕೇಳಿದಳು. "ಎಂತಕ್ಕೆ ಮಗಾ?" ಅಂದೆ. "ಎಲ್ಲದಕ್ಕೂ" ಅಂದಳು.

ಆ "ಎಲ್ಲದಕ್ಕೂ" ನನ್ನ ತಲೆಯಲ್ಲಿ ಕೂತುಬಿಟ್ಟಿತು. ಯಾಕೆಂದರೆ ಹಿಂದಿನ ಕಾಲದಲ್ಲಿ ಎಲ್ಲದಕ್ಕೂ ಒಂದೇ ಎಣ್ಣೆ ಅಂತ ಇರಲೇ ಇಲ್ಲ. ದೀಪಕ್ಕೆ ಒಂದು, ತಲೆಗೆ ಒಂದು, ಗಾಡಿಯ ಅಚ್ಚಿಗೆ ಒಂದು, ಬಾಣಂತಿಗೆ ಒಂದು. ಅಡುಗೆಗೆ ಬಂದದ್ದು ಸ್ವಲ್ಪ, ಅದೂ ಲೆಕ್ಕ ಹಾಕಿ. ನನಗೆ ಓದುವ ಚಟ ಉಂಟು, ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಲೈಬ್ರರಿಯ ಇತಿಹಾಸದ ಪುಸ್ತಕ ಓದುತ್ತೇನೆ. ಎಣ್ಣೆಯ ಬಗ್ಗೆ ಹಳಬರು ಬರೆದಿಟ್ಟದ್ದು ನೋಡಿದರೆ ಮುಕ್ಕಾಲು ಪಾಲು ನನ್ನ ಗಲ್ಲಾಪೆಟ್ಟಿಗೆ ಪಕ್ಕದ ಉದ್ದರಿ ಪುಸ್ತಕದ ಹಾಗೇ ಕಾಣುತ್ತದೆ. ಯಾರಿಗೆ ಎಷ್ಟು ಕೊಟ್ಟೆ, ಎಷ್ಟು ಬಂತು, ಎಷ್ಟು ಬಾಕಿ.

ಮೊದಲು ಹೆಸರನ್ನೇ ನೋಡಿ. ಎಣ್ಣೆ ಅಂದರೆ ಎಳ್ಳಿನ ನೆಯ್. ಎಳ್ ಮತ್ತು ನೆಯ್ ಕೂಡಿ ಎಣ್ಣೆ ಆದದ್ದು. ನೆಯ್ ಅಂದರೆ ತುಪ್ಪ, ಜಿಡ್ಡು. ತಮಿಳಿನ ಎಣ್ಣೆಯ್ ಕೂಡ ಅದೇ. ಸಂಸ್ಕೃತದವರ ತೈಲ ಹುಟ್ಟಿದ್ದೂ ತಿಲದಿಂದ, ಅಂದರೆ ಮತ್ತೆ ಎಳ್ಳೇ. ಹಾಗೆ ನೋಡಿದರೆ ನಾವು ಎಳ್ಳೆಣ್ಣೆ ಅನ್ನುವಾಗ ಎಳ್ಳನ್ನು ಎರಡು ಸಲ ಹೇಳುತ್ತೇವೆ, ತೆಂಗಿನೆಣ್ಣೆ ಅನ್ನುವಾಗ ತೆಂಗಿನ ಎಳ್ಳಿನ ತುಪ್ಪ ಅಂದ ಹಾಗೆ. ಸೀಮೆಎಣ್ಣೆಯ ಕತೆ ಕೇಳಲೇಬೇಡಿ. ಆಚೆ ಕಡೆ ಯುರೋಪಿನವರದ್ದೂ ಇದೇ ಕತೆ, ಇಂಗ್ಲಿಷಿನ ಆಯಿಲ್ ಬಂದದ್ದು ಆಲಿವ್ ಮರದ ಹೆಸರಿನಿಂದ. ಅವರಿಗೆ ಮೊದಲು ಸಿಕ್ಕಿದ್ದು ಆಲಿವ್, ನಮಗೆ ಎಳ್ಳು. ಹರಪ್ಪದ ಅಗೆತದಲ್ಲಿ ಸುಟ್ಟು ಕರಿಯಾದ ಎಳ್ಳು ಸಿಕ್ಕಿದೆ, ಇಸ್ರೇಲಿನ ಒಂದು ಕಡೆ ಮಡಕೆ ಚೂರಿನಲ್ಲಿ ಸುಮಾರು 8000 ವರ್ಷ ಹಳೆಯ ಆಲಿವ್ ಎಣ್ಣೆಯ ಜಿಡ್ಡು ಸಿಕ್ಕಿದೆ. ಸಾವಿರಾರು ವರ್ಷದ ಹಳಮೆ ಬೇಕಿದ್ದವರು ಎಳ್ಳಿನ ಹೆಸರು ಹೇಳಲಿ, ನಾನೂ ಒಪ್ಪುತ್ತೇನೆ.

ಇನ್ನು ಲೆಕ್ಕ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಉಗ್ರಾಣದ ಅಧಿಕಾರಿ ಎಂತೆಂತ ನೋಡಿಕೊಳ್ಳಬೇಕು ಅಂತ ಹೇಳುವ ಕಡೆ ಎಣ್ಣೆಯ ಲೆಕ್ಕ ಬರುತ್ತದೆ. ಅಗಸೆ ಬೀಜ ಹಿಂಡಿದರೆ ಆರರಲ್ಲಿ ಒಂದು ಪಾಲು ಎಣ್ಣೆ ಬರಬೇಕು. ಬೇವು, ಬೇಲ ಇಂಥವಕ್ಕೆ ಐದರಲ್ಲಿ ಒಂದು. ಎಳ್ಳು, ಕುಸುಬೆ, ಹಿಪ್ಪೆ, ಇಂಗುದಿಗೆ ನಾಲ್ಕರಲ್ಲಿ ಒಂದು. ಇದನ್ನು ಓದಿದಾಗ ನನಗೆ ಕೌಟಿಲ್ಯನ ಮೇಲೆ ಪ್ರೀತಿ ಬಂತು. ಉಗ್ರಾಣದಿಂದ ನಾಲ್ಕು ಸೇರು ಎಳ್ಳು ಒಯ್ದವ ಒಂದು ಸೇರು ಎಣ್ಣೆ ತಂದು ಕೊಡಬೇಕು, ಈ ಸಲ ಎಳ್ಳು ಜೊಳ್ಳು ಸ್ವಾಮಿ ಅಂತ ಕತೆ ಕಟ್ಟುವ ಹಾಗಿಲ್ಲ. ಈಗ ಒಳ್ಳೆಯ ಎಳ್ಳು ಗಾಣಕ್ಕೆ ಹಾಕಿದರೆ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿಯೇ ಬರುತ್ತದೆ. ಆಗ ನಾಲ್ಕರಲ್ಲಿ ಒಂದು. ಉಳಿದ ಎಣ್ಣೆ ಹಿಂಡಿಯಲ್ಲೇ ಉಳಿಯುತ್ತಿತ್ತು ಅಂತ ಕಾಣುತ್ತದೆ, ದನಗಳಿಗೆ ಹಬ್ಬ. ಇನ್ನೊಂದು ವಿಷಯ ನೋಡಿದಿರಾ? ಆ ಪಟ್ಟಿಯಲ್ಲಿ ತೆಂಗು ಇಲ್ಲ. ಅದು ಉತ್ತರದವರ ಪಟ್ಟಿ. ಇಲ್ಲಿನ ಯಾರಾದರೂ ಬರೆದಿದ್ದರೆ ಕೊಬ್ಬರಿಯಿಂದಲೇ ಶುರುವಾಗುತ್ತಿತ್ತು, ಒಣಗಿದ ಕೊಬ್ಬರಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಎಣ್ಣೆಯೇ ಅಲ್ವಾ.

ಗಾಣ ಇಲ್ಲದವರೂ ಎಣ್ಣೆ ತೆಗೆಯುತ್ತಿದ್ದರು. ಅದನ್ನು ನಾನು ಕಣ್ಣಾರೆ ನೋಡಿದ್ದೇನೆ. ನನ್ನ ಅಜ್ಜಿ ವರ್ಷಕ್ಕೆ ಒಂದು ಸಲ, ಮಳೆಗಾಲಕ್ಕೆ ಮೊದಲು, ಹರಳೆಣ್ಣೆ ಕಾಯಿಸುತ್ತಿದ್ದಳು. ಹಿತ್ತಿಲಿನ ಹರಳು ಗಿಡದ ಬೀಜ ಒಣಗಿಸಿ, ಮಣ್ಣಿನ ಓಡಿನಲ್ಲಿ ಹುರಿದು, ಬಿಸಿ ಇರುವಾಗಲೇ ಒರಳಿಗೆ ಹಾಕಿ ಕುಟ್ಟುವುದು. ಜಿಡ್ಡು ಬಿಟ್ಟುಕೊಂಡು ಒನಕೆಗೆ ಅಂಟುವ ಹಾಗಾದಾಗ ಅದನ್ನು ದೊಡ್ಡ ಪಾತ್ರೆಯ ಕುದಿಯುವ ನೀರಿಗೆ ಹಾಕಿ, ಮತ್ತೆ ಕುದಿಸಿ ಕುದಿಸಿ ಇಡುವುದು. ಸ್ವಲ್ಪ ಹೊತ್ತಿಗೆ ನೀರಿನ ಮೇಲೆ ಹಳದಿ ಹಳದಿ ಕಣ್ಣು ಬಿಟ್ಟ ಹಾಗೆ ಎಣ್ಣೆ ತೇಲುತ್ತಿತ್ತು. ಅಜ್ಜಿ ಅದನ್ನು ತೆಂಗಿನ ಗರಟದ ಸೌಟಿನಲ್ಲಿ ಮೆಲ್ಲ ತೆಗೆದು ಬೇರೆ ಪಾತ್ರೆಗೆ ಹಾಕುತ್ತಿದ್ದಳು, ಒಂದು ಹನಿ ನೀರು ಬಾರದ ಹಾಗೆ. ಆದರೂ ನೀರು ಬರುತ್ತಿತ್ತು. ಆದ್ದರಿಂದ ಅದನ್ನು ಮತ್ತೆ ಒಲೆಗೆ ಇಡುವುದು. ಚಟಪಟ ಸದ್ದು ನಿಂತರೆ ನೀರೆಲ್ಲ ಹೋಯಿತು ಅಂತ ಲೆಕ್ಕ. ಇಡೀ ದಿನದ ಕೆಲಸಕ್ಕೆ ಎರಡು ಬಾಟಲಿ ಎಣ್ಣೆ. ಮನೆ ತುಂಬ ಎರಡು ದಿನ ಆ ವಾಸನೆ. ಉಳಿದ ಚರಟ ದನಕ್ಕೆ ಹಾಕಲು ಬಿಡುತ್ತಿರಲಿಲ್ಲ, ತೆಂಗಿನ ಬುಡಕ್ಕೆ ಹಾಕಿಸುತ್ತಿದ್ದಳು. ಹರಳಿನ ಬೀಜದಲ್ಲಿ ರಿಸಿನ್ ಎನ್ನುವ ಕೆಟ್ಟ ವಿಷ ಉಂಟು, ಅದು ಎಣ್ಣೆಗೆ ಇಳಿಯದೆ ಹಿಂಡಿಯಲ್ಲಿ ಉಳಿಯುತ್ತದೆ ಅಂತ ನಾನು ಓದಿದ್ದು ಎಷ್ಟೋ ವರ್ಷದ ಮೇಲೆ. ಅಜ್ಜಿ ಶಾಲೆ ಮೆಟ್ಟಿಲು ಹತ್ತಿದವಳಲ್ಲ.

ಈಗ ಕೇಳಿ. ಕ್ರಿ.ಪೂ. 5ನೇ ಶತಮಾನದಲ್ಲಿ ಗ್ರೀಸ್‌ನ ಹೆರೊಡೊಟಸ್ ಈಜಿಪ್ಟಿನ ಬಗ್ಗೆ ಬರೆಯುವಾಗ ಅಲ್ಲಿನ ಜೌಗು ನಾಡಿನ ಜನ ಕಿಕಿ ಅಂತ ಒಂದು ಎಣ್ಣೆ ಮಾಡುತ್ತಾರೆ ಅನ್ನುತ್ತಾನೆ. ಅದು ಹರಳೆಣ್ಣೆಯೇ. ಕೆಲವರು ಬೀಜ ಜಜ್ಜಿ ಹಿಂಡುತ್ತಾರೆ, ಕೆಲವರು ಹುರಿದು ಕುದಿಸಿ ಮೇಲೆ ಬಂದದ್ದನ್ನು ತೆಗೆಯುತ್ತಾರೆ, ದೀಪಕ್ಕೆ ಆಲಿವ್ ಎಣ್ಣೆಯಷ್ಟೇ ಒಳ್ಳೆಯದು, ಆದರೆ ವಾಸನೆ ತಡೆಯಲು ಆಗುವುದಿಲ್ಲ ಅಂತ. ಓದುವಾಗ ನನಗೆ ಅಜ್ಜಿಯ ಒಲೆಯ ಹೊಗೆ ಮೂಗಿಗೆ ಬಂತು. ನೈಲ್ ನದಿಯ ದಡದವರಿಗೂ ನಮ್ಮ ಹಿತ್ತಿಲಿನವರಿಗೂ ಒಂದೇ ಉಪಾಯ.

ಹಿಂದಿನವರ ಎಣ್ಣೆ ದೊಡ್ಡದಾಗಿ ಖರ್ಚಾದದ್ದು ದೀಪಕ್ಕೆ. ಸಂಜೆ ಆರೂವರೆಗೆ ಕರೆಂಟು ಹೋದರೆ ನಮಗೆ ಹತ್ತು ನಿಮಿಷ ಕೂರಲು ಆಗುವುದಿಲ್ಲ. ಅವರಿಗೆ ವರ್ಷದ ಮುನ್ನೂರ ಅರುವತ್ತೈದು ದಿನವೂ ಬೆಳಕು ಅಂದರೆ ಎಣ್ಣೆಯೇ. ನಮ್ಮ ಕರಾವಳಿಯಲ್ಲಿ ಬಡವರ ಮನೆಯ ದೀಪಕ್ಕೆ ಹೊನ್ನೆ ಎಣ್ಣೆ. ಹೊನ್ನೆ ಕಾಯಿ ಹೆಕ್ಕಿ, ಒಡೆದು, ಒಣಗಿಸಿ ಗಾಣಕ್ಕೆ ಕೊಡುತ್ತಿದ್ದರು. ಹಸಿರು ಬಣ್ಣ, ಕಹಿ, ತಿನ್ನಲಿಕ್ಕೆ ಆಗದು. ಹೊಗೆ ಬೇರೆ. ದನದ ಹುಣ್ಣಿಗೂ ಅದನ್ನೇ ಹಚ್ಚುತ್ತಿದ್ದರು. ತೆಂಗಿನೆಣ್ಣೆ ದೀಪ ಅಂದರೆ ದೇವರಿಗೆ, ಇಲ್ಲವೆ ಗುತ್ತಿನ ಮನೆಗೆ. ಪುನರ್ಪುಳಿ ಬೀಜದ ಜಿಡ್ಡು ತುಪ್ಪದ ಹಾಗೆ ಗಟ್ಟಿಯಾಗಿ ಕೂರುತ್ತದೆ, ಅದು ಕಾಲಿನ ಒಡಕಿಗೆ. ನೋಡಿ, ಒಂದೇ ಹಿತ್ತಿಲಿನಲ್ಲಿ ನಾಲ್ಕು ಎಣ್ಣೆ, ನಾಲ್ಕು ಕೆಲಸ. ಈಗ ನನ್ನ ಅಂಗಡಿಯಲ್ಲಿ ದೀಪದೆಣ್ಣೆ ಅಂತ ಪ್ಯಾಕೆಟ್ ಬರುತ್ತದೆ, ಹಿಂದೆ ಸಣ್ಣ ಅಕ್ಷರದಲ್ಲಿ ತಿನ್ನಲು ಅಲ್ಲ ಅಂತ ಇರುತ್ತದೆ. ಅದನ್ನು ಓದದೆ ಒಗ್ಗರಣೆಗೆ ಹಾಕಿದವರನ್ನೂ ನೋಡಿದ್ದೇನೆ. ಹೊನ್ನೆ ಎಣ್ಣೆಗೆ ಅಂಥ ಸೂಚನೆ ಬೇಕಿರಲಿಲ್ಲ, ಮೂಗೇ ಹೇಳುತ್ತಿತ್ತು.

ದೇವಸ್ಥಾನದ ದೀಪದ ಲೆಕ್ಕವಂತೂ ಬಹಳ ಚಂದ. ಕನ್ನಡ ಶಾಸನಗಳಲ್ಲಿ ನಂದಾದೀವಿಗೆ ಅಂತ ಬರುತ್ತದಲ್ಲ, ಆರದೆ ಉರಿಯುವ ದೀಪ, ಅದಕ್ಕೆ ಇಂತಿಂಥ ಗಾಣದವರು ಇಷ್ಟಿಷ್ಟು ಎಣ್ಣೆ ಕೊಡಬೇಕು ಅಂತ ಕಲ್ಲಿನಲ್ಲಿ ಕೊರೆಸಿ ಇಟ್ಟಿರುತ್ತಾರೆ. ಗಾಣಕ್ಕೆ ತೆರಿಗೆ ಇತ್ತು, ಗಾಣದೆರೆ ಅಂತ. ಕೆಲವು ಕಡೆ ಆ ತೆರಿಗೆಯನ್ನೇ ದೇವರಿಗೆ ಬಿಟ್ಟುಕೊಟ್ಟದ್ದೂ ಉಂಟು. ಉತ್ತರ ಪ್ರದೇಶದ ಬುಲಂದ್‌ಶಹರ್ ಜಿಲ್ಲೆಯಲ್ಲಿ ಇಂದೋರ್ ಅಂತ ಒಂದು ಹಳ್ಳಿ ಉಂಟು, ಮಧ್ಯಪ್ರದೇಶದ ಇಂದೋರ್ ಬೇರೆ. ಅಲ್ಲಿ ಸಿಕ್ಕ ತಾಮ್ರಪಟ ಕ್ರಿ.ಶ. 465ರದ್ದು, ಗುಪ್ತರ ಸ್ಕಂದಗುಪ್ತನ ಕಾಲದ್ದು. ಒಬ್ಬ ಬ್ರಾಹ್ಮಣ ಸೂರ್ಯ ದೇವಸ್ಥಾನದ ದೀಪಕ್ಕೆಂದು ದತ್ತಿ ಇಟ್ಟ. ಎಲ್ಲಿ ಇಟ್ಟ? ಎಣ್ಣೆ ತೆಗೆಯುವವರ ಸಂಘದಲ್ಲಿ. ಸಂಘದವರು ತಪ್ಪದೆ ಎರಡು ಪಲ ಎಣ್ಣೆ ಕೊಡುತ್ತಾ ಬರಬೇಕು, ನಾಳೆ ಇಡೀ ಸಂಘವೇ ಈ ಊರು ಬಿಟ್ಟು ಬೇರೆ ಕಡೆ ಹೋದರೂ ಕೊಡಬೇಕು ಅಂತ ಕರಾರು. ಹುಷಾರಿ ಮನುಷ್ಯ. ಅಂಗಡಿ ಖಾಲಿ ಮಾಡಿ ಹೋದವರ ಹತ್ತಿರ ಬಾಕಿ ವಸೂಲಿ ಮಾಡುವ ಕಷ್ಟ ಅವನಿಗೆ ಗೊತ್ತಿತ್ತು.

ಅದಕ್ಕೂ ಹಿಂದೆ, 3ನೇ ಶತಮಾನದಲ್ಲಿ, ನಾಸಿಕ್‌ನ ಗುಹೆಯ ಒಂದು ಶಾಸನದಲ್ಲಿ ಕಾಯಿಲೆ ಬಿದ್ದ ಭಿಕ್ಷುಗಳ ಔಷಧಕ್ಕೆಂದು ಬೇರೆ ಬೇರೆ ಕಸುಬಿನವರ ಸಂಘಗಳಲ್ಲಿ ಹಣ ಇಟ್ಟ ಲೆಕ್ಕ ಉಂಟು. ಎಳ್ಳು ಅರೆಯುವವರ ಸಂಘದಲ್ಲಿ ಇಟ್ಟದ್ದು 500 ಕಾರ್ಷಾಪಣ. ಅಂದರೆ ಗಾಣದವರೇ ಬ್ಯಾಂಕು! ನಮ್ಮ ಮಂಗಳೂರು ಉಡುಪಿಯವರು ಬ್ಯಾಂಕು ಹುಟ್ಟಿದ್ದು ನಮ್ಮಲ್ಲಿ ಅಂತ ಎದೆ ತಟ್ಟಿಕೊಳ್ಳುತ್ತೇವೆ, ತಟ್ಟಿಕೊಳ್ಳೋಣ. ಆದರೆ ಸುಮಾರು 1700 ವರ್ಷದ ಹಿಂದೆ ಜಿಡ್ಡು ಕೈಯ ಜನರ ಹತ್ತಿರ ದುಡ್ಡು ಠೇವಣಿ ಇಡುವಷ್ಟು ನಂಬಿಕೆ ಊರಿಗೆ ಇತ್ತು ಅನ್ನುವುದು ನನಗೆ ಅದಕ್ಕಿಂತ ದೊಡ್ಡದಾಗಿ ಕಂಡಿತು.

ದೀಪದ ನಂತರ ಮೈ. ದೀಪಾವಳಿಗೆ ಎಣ್ಣೆ ಹಚ್ಚಿ ಬಿಸಿನೀರು ಸ್ನಾನ ಮಾಡುವುದು ಈಗ ವರ್ಷಕ್ಕೊಂದು ಶಾಸ್ತ್ರ. ಚರಕ ಸಂಹಿತೆಯಲ್ಲಿ ಮೈಗೆ ಎಣ್ಣೆ ಯಾಕೆ ಹಚ್ಚಬೇಕು ಅನ್ನುವುದಕ್ಕೆ ಹೋಲಿಕೆ ಕೊಟ್ಟದ್ದು ನೋಡಿ. ಎಣ್ಣೆ ಹಚ್ಚಿದ ಮಡಕೆ, ಎಣ್ಣೆ ತಿಕ್ಕಿದ ಚರ್ಮ, ಎಣ್ಣೆ ಬಿಟ್ಟ ಗಾಡಿಯ ಅಚ್ಚು ಹೇಗೆ ಗಟ್ಟಿಯಾಗಿ ಬಾಳುತ್ತವೋ ಮೈಯೂ ಹಾಗೆ ಅಂತ. ವೈದ್ಯದ ಮಾತು ಬದಿಗಿರಲಿ. ನನಗೆ ಅದರಲ್ಲಿ ಕಂಡದ್ದು ಆ ಕಾಲದ ಗಿರಾಕಿಗಳು. ಮಡಕೆಗೆ ಎಣ್ಣೆ ಒಯ್ಯುವವ, ಚರ್ಮ ಹದ ಮಾಡುವವ, ಗಾಡಿ ಹೊಡೆಯುವವ. ಎಲ್ಲರೂ ಎಣ್ಣೆ ಅಂಗಡಿ ಮುಂದೆ ಸಾಲಾಗಿ ನಿಂತ ಹಾಗೆ.

ಗ್ರೀಸ್ ದೇಶದಲ್ಲಿ ಕುಸ್ತಿಯವರು ಮೈತುಂಬ ಆಲಿವ್ ಎಣ್ಣೆ ಬಳಿದುಕೊಂಡು ಆಡಿ, ಆಮೇಲೆ ಬೆವರು, ಧೂಳು, ಎಣ್ಣೆ ಎಲ್ಲವನ್ನೂ ಒಂದು ಬಾಗಿದ ಲೋಹದ ಪಟ್ಟಿಯಿಂದ ಕೆರೆದು ತೆಗೆಯುತ್ತಿದ್ದರು. ಆ ಕೆರೆದ ಕೊಳೆಯನ್ನು ಔಷಧಕ್ಕೆ ಅಂತ ಮಾರುತ್ತಿದ್ದರಂತೆ. ವ್ಯಾಯಾಮಶಾಲೆ ನೋಡಿಕೊಳ್ಳುವವರು ಅದನ್ನೇ 80,000 ಸೆಸ್ಟರ್ಸ್‌ಗೆ ಮಾರಿದ್ದಾರೆ ಅಂತ ರೋಮಿನ ಪ್ಲೀನಿ ಬರೆಯುತ್ತಾನೆ. ನಮ್ಮ ಊರಿನ ಜಿಮ್ಮಿನವರಿಗೆ ಇದನ್ನು ಹೇಳಬೇಡಿ. ಅಥೆನ್ಸ್‌ನ ದೊಡ್ಡ ಹಬ್ಬದ ಓಟದಲ್ಲಿ ಗೆದ್ದ ಹುಡುಗನಿಗೆ ಬಹುಮಾನ 50 ಹರವಿ ಆಲಿವ್ ಎಣ್ಣೆ. ಕಪ್ಪು ಕೊಟ್ಟು ಕಳಿಸುವುದಕ್ಕಿಂತ ಒಳ್ಳೆಯದು, ಮನೆಯವರು ಅದನ್ನು ಮಾರಿ ವರ್ಷಗಟ್ಟಲೆ ಊಟ ಮಾಡಬಹುದು.

ಮೈಗೆ ಹಚ್ಚುವ ಎಣ್ಣೆ ಶ್ರೀಮಂತರ ಶೋಕಿ ಅಂತ ಅಂದುಕೊಳ್ಳಬೇಡಿ. ಈಜಿಪ್ಟಿನಲ್ಲಿ ಮೂರನೇ ರಾಮ್ಸೆಸ್ ರಾಜನ 29ನೇ ವರ್ಷ, ಸುಮಾರು ಕ್ರಿ.ಪೂ. 1157ರಲ್ಲಿ, ರಾಜರ ಗೋರಿ ಕೊರೆಯುವ ಕೆಲಸಗಾರರು ಸಂಬಳದ ಧಾನ್ಯ ಬಾರದೆ ಕೆಲಸ ನಿಲ್ಲಿಸಿ ಕೂತರು. ದಾಖಲೆ ಉಳಿದ ಮೊದಲ ಮುಷ್ಕರ ಅಂತ ಅದನ್ನು ಹೇಳುತ್ತಾರೆ. ಹಸಿವು, ಬಾಯಾರಿಕೆ ತಡೆಯದೆ ಬಂದಿದ್ದೇವೆ, ಬಟ್ಟೆ ಇಲ್ಲ, ಎಣ್ಣೆ ಇಲ್ಲ, ಮೀನಿಲ್ಲ, ತರಕಾರಿ ಇಲ್ಲ ಅಂತ ಅವರು ಅಧಿಕಾರಿಗಳಿಗೆ ಹೇಳಿದರು. ಬಟ್ಟೆಯ ಪಕ್ಕದಲ್ಲೇ ಎಣ್ಣೆ. ಆ ಮರಳುಗಾಡಿನ ಬಿಸಿಲಿನಲ್ಲಿ, ಕಲ್ಲಿನ ಧೂಳಿನಲ್ಲಿ ಮೈಗೆ ಎಣ್ಣೆ ಇಲ್ಲದೆ ದುಡಿಯಲು ಆಗುವುದಿಲ್ಲ. ನಮ್ಮ ಮೀನುಗಾರರನ್ನು ಕೇಳಿ, ಉಪ್ಪುಗಾಳಿಗೆ ಚರ್ಮ ಎಂತ ಆಗುತ್ತದೆ ಅಂತ.

ತಿನ್ನುವ ವಿಷಯಕ್ಕೆ ಬಂದರೆ, ರೋಮಿನ ಕೇಟೊ ಅಂತ ಒಬ್ಬ, ಕ್ರಿ.ಪೂ. 2ನೇ ಶತಮಾನದವ, ತೋಟ ನಡೆಸುವ ಬಗ್ಗೆ ಬರೆದಿಟ್ಟಿದ್ದಾನೆ. ಭಾರೀ ಜುಗ್ಗ. ತೋಟದ ಜೀತದಾಳಿಗೆ ತಲೆಗೆ ತಿಂಗಳಿಗೆ ಒಂದು ಸೆಕ್ಸ್ಟೇರಿಯಸ್ ಎಣ್ಣೆ ಕೊಡಿ ಅನ್ನುತ್ತಾನೆ, ಅದು ಸುಮಾರು ಅರ್ಧ ಲೀಟರ್. ಅದೂ ಆಲಿವ್ ಮರಗಳ ಸೀಮೆಯಲ್ಲಿ! ಎಣ್ಣೆ ಹಿಂಡಿದ ಮೇಲೆ ಉಳಿಯುವ ಕಪ್ಪು ಕಹಿ ನೀರನ್ನೂ ಅವ ಬಿಡುವುದಿಲ್ಲ. ಕಣದ ನೆಲ ಸಾರಿಸಲು, ಬಟ್ಟೆ ಪೆಟ್ಟಿಗೆಗೆ ನುಸಿ ಹತ್ತದ ಹಾಗೆ ಬಳಿಯಲು ಅಂತ ಒಂದೊಂದನ್ನೂ ಬರೆಯುತ್ತಾನೆ. ನಾವು ಬೇವಿನ ಹಿಂಡಿಯನ್ನು ತೋಟಕ್ಕೆ ಹಾಕಿದ ಹಾಗೆ. ನಮ್ಮಲ್ಲಿ 12ನೇ ಶತಮಾನದ ಮಾನಸೋಲ್ಲಾಸದಲ್ಲಿ ಎಣ್ಣೆಯಲ್ಲಿ ಕರಿದ ತಿಂಡಿಗಳ ವಿವರ ಬರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಅದು ಚಾಲುಕ್ಯ ರಾಜ ಸೋಮೇಶ್ವರನ ಅರಮನೆಯ ಅಡುಗೆಮನೆ. ನಮ್ಮ ನಿಮ್ಮ ಅಜ್ಜನ ಅಜ್ಜ ದಿನಾ ಸಂಜೆ ಗೋಳಿಬಜೆ ತಿನ್ನುತ್ತಿದ್ದ ಅಂತ ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ. ನಾನು ಅಂಗಡಿ ಶುರು ಮಾಡಿದಾಗ ಕೂಡ ಜನ ಕುತ್ತಿಗೆಗೆ ಹಗ್ಗ ಕಟ್ಟಿದ ಸಣ್ಣ ಬಾಟಲಿ ತರುತ್ತಿದ್ದರು. ನಾನು ಡಬ್ಬಿಯಿಂದ ಕುಡ್ತೆಯಲ್ಲಿ ಅಳೆದು ಲಾಳಿಕೆ ಇಟ್ಟು ಹೊಯ್ಯುತ್ತಿದ್ದೆ, ಕೊನೆಯ ಹನಿ ಇಳಿಯುವವರೆಗೆ ಅವರು ಕಣ್ಣು ತೆಗೆಯುತ್ತಿರಲಿಲ್ಲ. ಈಗ ನಾಲ್ಕು ಜನರ ಮನೆಗೆ ತಿಂಗಳಿಗೆ ಐದು ಲೀಟರಿನ ಕ್ಯಾನು. ಕೇಟೊ ನೋಡಿದರೆ ಅಲ್ಲೇ ಬೀಳುತ್ತಾನೆ.

ಅಂಗಡಿಯವನಾಗಿ ನನಗೆ ಎಲ್ಲಕ್ಕಿಂತ ನೋಡಬೇಕು ಅನ್ನಿಸಿದ ಜಾಗ ರೋಮ್ ಪಟ್ಟಣದ ಒಂದು ಗುಡ್ಡ. ಮೊಂಟೆ ಟೆಸ್ಟಾಚೊ ಅಂತ ಹೆಸರು. ಸುಮಾರು 35 ಮೀಟರ್ ಎತ್ತರ. ಇಡೀ ಗುಡ್ಡವೇ ಒಡೆದ ಎಣ್ಣೆ ಹರವಿಗಳದ್ದು! ಹೆಚ್ಚಿನವು ಸ್ಪೇನ್ ಕಡೆಯಿಂದ ಹಡಗಿನಲ್ಲಿ ಬಂದವು. 5 ಕೋಟಿಗೂ ಜಾಸ್ತಿ ಹರವಿಗಳಿರಬಹುದು ಅಂತ ಲೆಕ್ಕ ಹಾಕಿದ್ದಾರೆ. ಒಂದೊಂದರಲ್ಲಿ ಸುಮಾರು 70 ಲೀಟರ್, ಅಂದರೆ ನಮ್ಮ 15 ಲೀಟರಿನ ಡಬ್ಬಿ ನಾಲ್ಕೂವರೆ. ಖಾಲಿ ಹರವಿಯೇ ಸುಮಾರು 30 ಕೆಜಿ. ಎಣ್ಣೆ ಹೀರಿದ ಮಣ್ಣು ಕಮಟು ಹಿಡಿಯುತ್ತದೆ, ಮತ್ತೆ ತುಂಬಲು ಬಾರದು, ಆದ್ದರಿಂದ ಒಡೆದು, ವಾಸನೆ ಬಾರದ ಹಾಗೆ ಸುಣ್ಣ ಎರಚಿ, ಅಚ್ಚುಕಟ್ಟಾಗಿ ಪೇರಿಸಿದ್ದಾರೆ. ಮತ್ತೆ ಆ ಹರವಿಯ ಮೇಲೆ ಮಸಿಯಲ್ಲಿ ಬರೆದದ್ದು ಎಂತ ಗೊತ್ತುಂಟಾ? ಖಾಲಿ ಹರವಿಯ ತೂಕ, ಒಳಗಿನ ಎಣ್ಣೆಯ ತೂಕ, ವ್ಯಾಪಾರಿಯ ಹೆಸರು, ತಪಾಸಣೆ ಮಾಡಿದ ವಿವರ. ಸುಮಾರು 1800 ವರ್ಷದ ಹಿಂದೆ! ನನ್ನ ಅಂಗಡಿಗೆ ಬರುವ ಕೆಲವು ಡಬ್ಬಿಗಳಲ್ಲಿ ಈಗಲೂ ಡಬ್ಬಿಯ ತೂಕ ಸೇರಿಸಿ ಎಣ್ಣೆಯ ರೇಟು ಹಾಕುತ್ತಾರೆ, ನಾನು ಫೋನ್ ಮಾಡಿ ಜಗಳ ಆಡಬೇಕು.

ಆಲಿವ್ ಎಣ್ಣೆ ಈಗ ಮಾಲ್‌ಗಳಲ್ಲಿ ಹೊಸ ಫ್ಯಾಷನ್ ಅಂತ ಬರುತ್ತದೆ. ಅದೂ ಹೊಸತಲ್ಲ. ಕೇರಳದ ಪಟ್ಟಣಂ ಎಂಬಲ್ಲಿ ಅಗೆದಾಗ ರೋಮನರ ಕಾಲದ, ಮೆಡಿಟರೇನಿಯನ್ ಕಡೆಯ ಹರವಿ ಚೂರುಗಳು ರಾಶಿ ಸಿಕ್ಕಿವೆ. ಹೆಚ್ಚಿನವು ವೈನಿನವು, ಕೆಲವು ಆಲಿವ್ ಎಣ್ಣೆಯವು. ಇಲ್ಲಿಗೆ ಬಂದಿದ್ದ ಪರದೇಶಿ ವ್ಯಾಪಾರಿಗಳು ತಮ್ಮ ಬಾಯಿರುಚಿಗೆ ತರಿಸಿಕೊಂಡಿರಬೇಕು, ದುಬೈಗೆ ಹೋದ ನಮ್ಮ ಹುಡುಗರು ಊರಿಂದ ತೆಂಗಿನೆಣ್ಣೆ ಒಯ್ಯುವ ಹಾಗೆ. ಅದೇ ಕಾಲದ ಒಬ್ಬ ಗ್ರೀಕ್ ನಾವಿಕ ಬರೆದಿಟ್ಟ ಕಡಲ ದಾರಿಯ ಟಿಪ್ಪಣಿಯಲ್ಲಿ ಗುಜರಾತಿನ ಭರೂಚ್ ಕಡೆಯಿಂದ ಆಫ್ರಿಕಾದ ದಡಕ್ಕೆ ಹೋಗುವ ಸರಕಿನ ಪಟ್ಟಿ ಉಂಟು. ಗೋಧಿ, ಅಕ್ಕಿ, ತುಪ್ಪ, ಎಳ್ಳೆಣ್ಣೆ, ಹತ್ತಿ ಬಟ್ಟೆ, ಸಕ್ಕರೆ. ಸ್ವಲ್ಪ ಬದಲಾಯಿಸಿದರೆ ನನ್ನ ತಿಂಗಳ ಆರ್ಡರ್ ಚೀಟಿಯೇ.

ಇನ್ನು ನಾನು ನಿಜವಾಗಿ ಹೇಳಬೇಕಾದ ವಿಷಯ. ಇಷ್ಟು ಹೊತ್ತು ಅದಕ್ಕೇ ಪೀಠಿಕೆ ಹಾಕಿದ್ದು.

ನಮ್ಮೂರಿನಿಂದ ಬಾರ್ಕೂರು ಕಡೆಗೆ ಹೋಗುವ ದಾರಿಯಲ್ಲಿ ಒಂದು ಗಾಣದ ಕಲ್ಲು ಇತ್ತು. ಮೂರೂವರೆ ಅಡಿ ಅಗಲ, ಸೊಂಟದ ಎತ್ತರ, ನಡುವೆ ಒರಳಿನ ಹಾಗೆ ಗುಂಡಿ. ಗುಂಡಿಯ ಒಳಮೈ ಕನ್ನಡಿಯ ಹಾಗೆ ನುಣ್ಣಗೆ, ಕಪ್ಪು. ಬಿಸಿಲು ಏರಿದರೆ ಈಗಲೂ ಕೈಗೆ ಜಿಡ್ಡು ಜಿಡ್ಡು ಅನ್ನಿಸುತ್ತದೆ, ಅಥವಾ ನನ್ನ ಭ್ರಮೆಯೋ. ಹೋದ ವರ್ಷ ರಸ್ತೆ ಅಗಲ ಮಾಡುವಾಗ ಕಂಟ್ರಾಕ್ಟರ್ ಕಡೆಯವರು ಜೆಸಿಬಿಯಿಂದ ಅದನ್ನು ದೂಡಿ ಚರಂಡಿ ಬದಿಗೆ ಉರುಳಿಸಿದರು. ಒಂದು ಬದಿಯ ಅಂಚು ಒಡೆಯಿತು. ನಾನು ಕೇಳಿದ್ದಕ್ಕೆ "ಕಲ್ಲಲ್ವಾ ಅಣ್ಣ, ಎಂತ ಆಗ್ತದೆ" ಅಂದರು.

ಪಕ್ಕದ ಮನೆಯ ಗಾಣಿಗರ ಅಜ್ಜನಿಗೆ ಎಂಬತ್ತೈದು ದಾಟಿದೆ. ಹೋಗಿ ಹೇಳಿದೆ. "ಹ್ವಾಯ್, ಅದ್ ನಮ್ಮಜ್ಜನ್ ಕಾಲದ್ ಕಲ್ಲ್ ಮಾರಾಯ್ರೆ" ಅಂದರು. ಅವರು ಚಿಕ್ಕವರಿದ್ದಾಗ ಅದು ತಿರುಗುತ್ತಿತ್ತಂತೆ. ಎತ್ತಿನ ಕಣ್ಣಿಗೆ ಬಟ್ಟೆ, ನೊಗದಿಂದ ಗಾಣದ ಮರಕ್ಕೆ ಉದ್ದದ ತೊಲೆ, ತೊಲೆಯ ಮೇಲೆ ಭಾರಕ್ಕೆ ಕಲ್ಲು. ಕಲ್ಲು ಸಾಲದಿದ್ದರೆ ಮನೆಯ ಮಕ್ಕಳನ್ನೇ ಕೂರಿಸುತ್ತಿದ್ದರು. ಇವರೂ ಕೂತವರೇ. ಸುತ್ತು ಸುತ್ತಿ ತಲೆ ತಿರುಗಿ ವಾಂತಿ ಆದ ಮೇಲೆ ಇಳಿಸುತ್ತಿದ್ದರಂತೆ, ಆಮೇಲೆ ತಮ್ಮನ ಸರದಿ. ಒಂದು ಸಲ ಹಾಕಿದ ಕೊಬ್ಬರಿ ಹಿಂಡಿ ಮುಗಿಯಲು ಎರಡು ಗಂಟೆ. ಮರಕ್ಕೂ ಕಲ್ಲಿಗೂ ತಿಕ್ಕುವ ಆ ಕಿರ್ರ್ ಸದ್ದು ಬದಲಾದರೆ ಅವರ ಅಪ್ಪ ಒಳಗಿನಿಂದಲೇ ಎಣ್ಣೆ ಬಿಟ್ಟಿತು ಅನ್ನುತ್ತಿದ್ದರು. ನೋಡಲು ಬರಬೇಕಿರಲಿಲ್ಲ. ಎತ್ತಿಗೆ ಮೊದಲ ಹಿಂಡಿ, ದೇವರಿಗೆ ಮೊದಲ ಎಣ್ಣೆ. ಇಷ್ಟು ಹೇಳಿ ಅಜ್ಜ ಸುಮ್ಮನಾದರು.

ಕಾಳಿದಾಸನ ಶಾಕುಂತಲದ ಮೊದಲ ಅಂಕದಲ್ಲಿ ಬೇಟೆಗೆ ಬಂದ ದುಷ್ಯಂತನಿಗೆ ಇದು ಋಷಿಗಳ ಆಶ್ರಮ ಅಂತ ಯಾರೂ ಹೇಳದೆ ಗೊತ್ತಾಗುತ್ತದೆ. ಹೇಗೆ ಅಂದರೆ, ಅಲ್ಲಲ್ಲಿ ಜಿಡ್ಡು ಹಿಡಿದ ಕಲ್ಲುಗಳು ಕಾಣುತ್ತವೆ, ಇಂಗುದಿ ಕಾಯಿ ಜಜ್ಜಿ ಎಣ್ಣೆ ತೆಗೆದ ಕಲ್ಲುಗಳು. ಕಲ್ಲು ನೋಡಿಯೇ ಇಲ್ಲಿ ಜನ ಬಾಳುತ್ತಿದ್ದಾರೆ ಅಂತ ಒಬ್ಬ ರಾಜನಿಗೆ ತಿಳಿಯಿತು. ನಮ್ಮ ಕಂಟ್ರಾಕ್ಟರಿಗೆ ತಿಳಿಯಲಿಲ್ಲ.

ನಾನು ಕೇಳುವುದು ದೊಡ್ಡದೇನಲ್ಲ. ಮ್ಯೂಸಿಯಂ ಕಟ್ಟಿ ಅಂತ ಹೇಳುವುದಿಲ್ಲ, ಅದು ಆಗುವ ಹೊತ್ತಿಗೆ ನಾನೂ ಇರುವುದಿಲ್ಲ. ರಸ್ತೆ ಅಗಲ ಮಾಡುವ ಮೊದಲು ಆ ದಾರಿಯ ಗಾಣದ ಕಲ್ಲು, ವೀರಗಲ್ಲು, ಒರಳು ಇವನ್ನು ಒಂದು ಸಲ ಪಟ್ಟಿ ಮಾಡಲಿ. ಎತ್ತಿ ಹತ್ತಿರದ ಶಾಲೆಯ ಅಂಗಳಕ್ಕೋ ದೇವಸ್ಥಾನದ ಎದುರಿಗೋ ತಂದು ಇಡಲಿ. ಕರ್ನಾಟಕದಲ್ಲಿ ಗಾಣದ ಕಲ್ಲಿನ ಮೇಲೆಯೇ ಬರೆದ ಶಾಸನಗಳು ಸಿಕ್ಕಿವೆ, ಆದ್ದರಿಂದ ದೂಡುವ ಮೊದಲು ಸುತ್ತಲೂ ಒಮ್ಮೆ ನೀರು ಹಾಕಿ ತೊಳೆದು ನೋಡಲಿ. ನಿಮ್ಮ ಪೇಪರಿನವರು ಓದುಗರಿಗೆ ಒಂದು ಕರೆ ಕೊಡಿ, ನಿಮ್ಮ ಊರಿನ ಗಾಣದ ಕಲ್ಲಿನ ಫೋಟೋ ಕಳಿಸಿ ಅಂತ. ಜೊತೆಗೆ ಅದರಲ್ಲಿ ಯಾವ ಎಣ್ಣೆ ತೆಗೆಯುತ್ತಿದ್ದರು ಅಂತ ಊರಿನ ಹಿರಿಯರನ್ನು ಕೇಳಿ ಬರೆಯಲಿ, ಎಳ್ಳೋ ಕೊಬ್ಬರಿಯೋ ಹೊನ್ನೆಯೋ. ಗಾಣಿಗರ ಅಜ್ಜನ ಹಾಗೆ ಹೇಳಬಲ್ಲವರು ಇನ್ನು ಎಷ್ಟು ಜನ ಉಳಿದಿದ್ದಾರೆ? ನಮ್ಮೂರಿನ ಕಲ್ಲು ಸಾಗಿಸುವ ಪಿಕಪ್ ಬಾಡಿಗೆ ನಾನು ಕೊಡುತ್ತೇನೆ, ಇದನ್ನು ಬರವಣಿಗೆಯಲ್ಲೇ ಕೊಡುತ್ತಿದ್ದೇನೆ. ಇಳಿಸಲು ಜಾಗ ಯಾರಾದರೂ ಕೊಡಲಿ.

ಆ ಹುಡುಗಿಗೆ ಕೊನೆಗೆ ಎಂತ ಕೊಟ್ಟೆ ಅಂತ ಕೇಳುತ್ತೀರಾ? ಅರ್ಧ ಲೀಟರ್ ತೆಂಗಿನೆಣ್ಣೆ, ಕಾಲು ಲೀಟರ್ ಎಳ್ಳೆಣ್ಣೆ, ಒಂದು ಸಣ್ಣ ಬಾಟಲಿ ಹರಳೆಣ್ಣೆ. ಯಾವುದು ಎಂತಕ್ಕೆ ಅಂತ ಚೀಟಿಯಲ್ಲಿ ಬರೆದುಕೊಟ್ಟೆ. ಹರಳೆಣ್ಣೆ ಮೂಸಿ ನೋಡಿ ಅದೊಂದನ್ನು ವಾಪಸ್ ಇಟ್ಟಳು.

ಕಲ್ಲು ಈಗಲೂ ಚರಂಡಿ ಬದಿಯಲ್ಲೇ ಓರೆಯಾಗಿ ಬಿದ್ದಿದೆ. ಮಳೆ ಬಂದು ಗುಂಡಿಯಲ್ಲಿ ನೀರು ನಿಂತಿದೆ. ಮೊನ್ನೆ ಮನೆ ಮನೆಗೆ ಸೊಳ್ಳೆ ನೋಡಲು ಬರುವ ಹುಡುಗರು ಬಂದಿದ್ದರು. ಟಾರ್ಚ್ ಬಿಟ್ಟು ನೋಡಿ, ಮರಿ ಉಂಟು ಅಂತ ಹೇಳಿ, ಅದಕ್ಕೆ ಎರಡು ಸೌಟು ಎಣ್ಣೆ ಹೊಯ್ದು ಹೋದರು.

ಇಂತಿ,
ಒಬ್ಬ ಜೀನಸು ಅಂಗಡಿಯವ,
ಉಡುಪಿ